ಸಿವಿಲ್ ಯಾರಿಗೆ, ಕ್ರಿಮಿನಲ್ ಯಾರಿಗೆ?

ನನ್ನ ಸೋದರಮಾವ ಗಾರೆ ಕೆಲಸದವರು. ಕೆಲವು ವರ್ಷಗಳ ಹಿಂದೆ ಒಬ್ಬ ಕಂಟ್ರಾಕ್ಟರು ಅವರಿಗೂ ಅವರ ಜೊತೆಗಿದ್ದ ನಾಲ್ವರಿಗೂ ಎರಡು ತಿಂಗಳ ಕೂಲಿ ಬಾಕಿ ಉಳಿಸಿಕೊಂಡ. ಕೇಳಿ ಕೇಳಿ ಸಾಕಾಗಿ ಎಲ್ಲರೂ ಪೊಲೀಸ್ ಸ್ಟೇಷನ್ನಿಗೆ ಹೋದರು. ಅರ್ಜಿ ಬರೆದುಕೊಡಲು ನಾನೂ ಜೊತೆಗೆ ಹೋಗಿದ್ದೆ. ಅರ್ಜಿಯ ಮೇಲೆ ಕಣ್ಣಾಡಿಸಿದ ಅಧಿಕಾರಿ, "ಇದು ಸಿವಿಲ್ ಮ್ಯಾಟರ್ ಕಣ್ರೀ, ನಾವು ಕೈ ಹಾಕೋಕೆ ಬರಲ್ಲ. ಲೇಬರ್ ಆಫೀಸಿಗೋ ಕೋರ್ಟಿಗೋ ಹೋಗಿ" ಎಂದು ಕಳಿಸಿಬಿಟ್ಟರು. ಎರಡು ವಾರ ಕಾದ ಮಾವ ಒಂದು ದಿನ ಸೈಟಿನಿಂದ ಆರು ಸೆಂಟ್ರಿಂಗ್ ಶೀಟು ತಂದು ಮನೆಯ ಹಿಂದೆ ಇಟ್ಟುಕೊಂಡು, "ಕೂಲಿ ಕೊಟ್ಟ ದಿನ ಶೀಟು ಒಯ್ಯಿ" ಎಂದು ಹೇಳಿಕಳಿಸಿದರು. ಅವತ್ತೇ ಸಂಜೆ ಮನೆ ಮುಂದೆ ಜೀಪು ನಿಂತಿತು. ಈ ಸಲ ಅದು ಕ್ರಿಮಿನಲ್ ಮ್ಯಾಟರ್.

ಶೀಟು ವಾಪಸು ಕೊಟ್ಟು, ಹೇಗೋ ರಾಜಿಯಾಗಿ ಮನೆಗೆ ಬಂದ ಮೇಲೆ ಮಾವ ನನ್ನನ್ನು ಕೇಳಿದರು: "ನನ್ನ ದುಡ್ಡು ಅವನ ಹತ್ರ ಇದ್ರೆ ಸಿವಿಲ್ಲು, ಅವನ ಶೀಟು ನನ್ನ ಹತ್ರ ಇದ್ರೆ ಕ್ರಿಮಿನಲ್ಲು. ಅಷ್ಟೇ ತಾನೇ?"

ನಾನು ಆಗ ಕಾನೂನಿನ ಇತಿಹಾಸದ ಬಗ್ಗೆ ಪಿಎಚ್.ಡಿ. ಮಾಡಲು ಅರ್ಜಿ ಹಾಕಿದ್ದೆ. ನನ್ನಲ್ಲಿ ಉತ್ತರವಿರಲಿಲ್ಲ. ಪೊಲೀಸರು ಕಾನೂನು ಮೀರಿದ್ದರು ಎಂದು ಹೇಳಿಬಿಟ್ಟಿದ್ದರೆ ಸುಲಭವಾಗುತ್ತಿತ್ತು. ತೊಂದರೆ ಏನೆಂದರೆ, ಪುಸ್ತಕದ ಪ್ರಕಾರ ಅವರು ಎರಡೂ ಸಲ ಸರಿಯಾಗಿದ್ದರು. ಬರಬೇಕಾದ ಬಾಕಿಗೆ ಒತ್ತೆ ಎಂದು ಇನ್ನೊಬ್ಬರ ವಸ್ತುವನ್ನು ಕೇಳದೆ ಎತ್ತಿಕೊಂಡು ಬಂದರೂ ಅದು ಕಳವೇ ಎಂದು ನಮ್ಮ ನ್ಯಾಯಾಲಯಗಳು 19ನೇ ಶತಮಾನದಲ್ಲೇ ಹೇಳಿವೆ. ಹಾಗಾದರೆ ಪ್ರಶ್ನೆ ಕೇಳಬೇಕಾದ್ದು ಪುಸ್ತಕವನ್ನು. ಈ ಗೆರೆಯನ್ನು ಎಳೆದವರು ಯಾರು?

ಕಾನೂನು ಕಾಲೇಜುಗಳಲ್ಲಿ ಇದಕ್ಕೆ ಒಂದು ಸಿದ್ಧ ಉತ್ತರವಿದೆ. ಆದಿಯಲ್ಲಿ ಮನುಷ್ಯರು ಎಲ್ಲ ತಪ್ಪುಗಳನ್ನೂ ಖಾಸಗಿ ಜಗಳವೆಂದೇ ಎಣಿಸಿ ಸೇಡು ತೀರಿಸಿಕೊಳ್ಳುತ್ತಿದ್ದರು, ಆಮೇಲೆ ಸೇಡಿನ ಜಾಗಕ್ಕೆ ಪರಿಹಾರದ ಹಣ ಬಂತು, ಕೊನೆಗೆ ಪ್ರಭುತ್ವ ಬೆಳೆದು, ಸಮಾಜಕ್ಕೇ ಕೇಡು ಮಾಡುವ ಕೃತ್ಯಗಳನ್ನು ಅಪರಾಧವೆಂದು ಬೇರೆ ಮಾಡಿ, ಉಳಿದವನ್ನು ಸಿವಿಲ್ ಕೋರ್ಟಿಗೆ ಬಿಟ್ಟಿತು ಎಂಬ ಕಥೆ ಅದು. ಹೆನ್ರಿ ಮೇನ್ 1861ರ ತನ್ನ 'ಏನ್ಷಿಯೆಂಟ್ ಲಾ' ಪುಸ್ತಕದಲ್ಲಿ ಹೇಳಿದ ಮಾತಿನ ಸಾರ ಗೈಡುಗಳಿಗೆ ಇಳಿದು ಹೀಗಾಗಿದೆ. ಇದರ ಎದುರಿಗೆ ಈಚಿನ ಸೆಮಿನಾರುಗಳಲ್ಲಿ ಇನ್ನೊಂದು ಕಥೆ ಜೋರಾಗಿದೆ: ಇದೆಲ್ಲ ಇಂಗ್ಲಿಷರಿಂದ ಕಲಿಯಬೇಕಾದ್ದೇನಿರಲಿಲ್ಲ, ಕೌಟಿಲ್ಯನ ಕಾಲದಲ್ಲೇ ಧರ್ಮಸ್ಥೀಯವೆಂಬ ಸಿವಿಲ್ ಕೋರ್ಟು, ಕಂಟಕಶೋಧನವೆಂಬ ಕ್ರಿಮಿನಲ್ ಕೋರ್ಟು ನಮ್ಮಲ್ಲಿದ್ದವು ಎಂಬುದು.

ಎರಡೂ ಕಥೆಗಳು ಒಂದೇ ವಿಷಯವನ್ನು ಮುಚ್ಚಿಡುತ್ತವೆ ಎಂಬುದು ನನ್ನ ವಾದ. ತಪ್ಪು ಎಷ್ಟು ದೊಡ್ಡದು ಎಂಬುದನ್ನು ನೋಡಿ ಈ ಗೆರೆಯನ್ನು ಎಳೆದದ್ದು ಕಡಿಮೆ. ತಪ್ಪು ಮಾಡಿದವನು ಯಾರು ಎಂಬುದನ್ನು ನೋಡಿ ಎಳೆದದ್ದೇ ಹೆಚ್ಚು.

ಮೊದಲು ರೋಮ್. ಕ್ರಿ.ಪೂ. 5ನೇ ಶತಮಾನದ ಹನ್ನೆರಡು ಫಲಕಗಳ ಶಾಸನದಲ್ಲಿ, ಕದಿಯುವಾಗಲೇ ಸಿಕ್ಕಿಬೀಳದ ಕಳ್ಳ ಕದ್ದದ್ದರ ಎರಡರಷ್ಟು ಕಟ್ಟಿಕೊಟ್ಟರೆ ಮುಗಿಯಿತು. ಅದು ಕಳೆದುಕೊಂಡವನು ಹೂಡಬೇಕಾದ ದಾವೆ. ಸಾಲ ತೀರಿಸಲಾಗದವನ ಗತಿ ಬೇರೆ. ತೀರ್ಪಾದ ಮೇಲೆ ಅವನಿಗೆ 30 ದಿನ ಗಡುವು. ಆಮೇಲೆ ಸಾಲಗಾರನನ್ನು ಸಾಲ ಕೊಟ್ಟವನು ಸಂಕೋಲೆ ಹಾಕಿ 60 ದಿನ ಇಟ್ಟುಕೊಳ್ಳಬಹುದಿತ್ತು. ಅಷ್ಟರಲ್ಲೂ ಇತ್ಯರ್ಥವಾಗದಿದ್ದರೆ ಟೈಬರ್ ನದಿಯಾಚೆ ಗುಲಾಮನಾಗಿ ಮಾರಿಬಿಡಬಹುದಿತ್ತು. ಅಂದರೆ ಇವತ್ತು ನಾವು ಯಾವುದನ್ನು ಕ್ರಿಮಿನಲ್ ಎನ್ನುತ್ತೇವೋ ಅದು ಅಲ್ಲಿ ಹಣದಲ್ಲಿ ತೀರುತ್ತಿತ್ತು, ಯಾವುದನ್ನು ಸಿವಿಲ್ ಎನ್ನುತ್ತೇವೋ ಅದು ಮೈಮೇಲೆ ಬರುತ್ತಿತ್ತು. ಗೆರೆ ಪ್ರಕೃತಿ ಎಳೆದದ್ದಾಗಿದ್ದರೆ ಹೀಗೆ ತಿರುವುಮುರುವಾಗುವುದು ಸಾಧ್ಯವೇ ಇರಲಿಲ್ಲ.

ಇನ್ನು ಕೌಟಿಲ್ಯ. 'ಅರ್ಥಶಾಸ್ತ್ರ'ದ ತಾಳೆಗರಿ ಸಿಕ್ಕಿದ್ದು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ. ಆರ್. ಶಾಮಾಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ನಾವು ಹೆಮ್ಮೆಪಡುವುದು ಸರಿಯೇ. ಆದರೆ ಹೆಮ್ಮೆಪಡುವವರು ಪುಸ್ತಕ ತೆರೆದು ನೋಡಬೇಕು. 'ಸಿವಿಲ್ ಕೋರ್ಟು' ಎನ್ನಲಾಗುವ ಧರ್ಮಸ್ಥೀಯ, ಅಂದರೆ ಮೂರನೆಯ ಅಧಿಕರಣದಲ್ಲಿ ಸಾಲ, ಒತ್ತೆ, ದಾಯಭಾಗಗಳ ಜೊತೆಗೇ ಬೈಗುಳ, ಹೊಡೆದಾಟ, ಬಲಾತ್ಕಾರದ ಸುಲಿಗೆಯೂ ಇವೆ. 'ಕ್ರಿಮಿನಲ್ ಕೋರ್ಟು' ಎನ್ನಲಾಗುವ ನಾಲ್ಕನೆಯ ಅಧಿಕರಣ ಕಂಟಕಶೋಧನ, ಎಂದರೆ ಮುಳ್ಳು ಕೀಳುವುದು. ಮೊದಲ ಅಧ್ಯಾಯದಲ್ಲಿ ಬರುವ ಮುಳ್ಳು ಕೊಲೆಗಾರನಿರಬಹುದು ಎಂದುಕೊಂಡರೆ ತಪ್ಪಾಗುತ್ತದೆ. ಅಲ್ಲಿರುವವರು ಕುಶಲಕರ್ಮಿಗಳು: ನೇಕಾರ, ಅಗಸ, ಅಕ್ಕಸಾಲಿ. ಹೇಳಿದ ಹೊತ್ತಿಗೆ ಕೆಲಸ ಮುಗಿಸದ ಕುಶಲಕರ್ಮಿಗೆ ಕೂಲಿಯಲ್ಲಿ ಕಾಲು ಭಾಗ ಕಡಿತ, ಅದರ ಎರಡರಷ್ಟು ದಂಡ.

ಧರ್ಮಸ್ಥೀಯದಲ್ಲೇ ಇರುವ ಇನ್ನೆರಡು ನಿಯಮಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಕೂಲಿ ಕೊಡದ ಯಜಮಾನನಿಗೆ ಹತ್ತನೆಯ ಒಂದು ಭಾಗ ಅಥವಾ ಆರು ಪಣ ದಂಡ. ಕೂಲಿ ಪಡೆದು ಕೆಲಸ ಮಾಡದ ಆಳಿಗೆ ಹನ್ನೆರಡು ಪಣ ದಂಡ, ಜೊತೆಗೆ ಕೆಲಸ ಮುಗಿಸುವವರೆಗೆ ತಡೆದಿಡುವುದು. ಒಂದೇ ಒಪ್ಪಂದ, ಎರಡು ಕಡೆ. ಮುರಿದವನು ಯಜಮಾನನಾದರೆ ಲೆಕ್ಕ, ಆಳಾದರೆ ಬಂಧನ. ನಮ್ಮ ಮಾವನ ಪ್ರಶ್ನೆ ಸ್ಟೇಷನ್ನಿನ ಬಾಗಿಲಲ್ಲಿ ಹುಟ್ಟಿದ್ದಲ್ಲ, ಅದಕ್ಕೆ ಎರಡು ಸಾವಿರ ವರ್ಷದ ವಯಸ್ಸಿದೆ. ನಮ್ಮ ಪರಂಪರೆಯಲ್ಲಿ ಎಲ್ಲವೂ ಇತ್ತು ಎನ್ನುವವರು ಇದೂ ಇತ್ತು ಎಂದು ಒಪ್ಪಿಕೊಳ್ಳಬೇಕಾಗುತ್ತದೆ.

ಬ್ರಿಟಿಷರು ಬಂದಾಗ ಇದಕ್ಕೆ ಕಟ್ಟಡ, ಕಡತ, ನಂಬರು ಸಿಕ್ಕವು. 1772ರಲ್ಲಿ ವಾರೆನ್ ಹೇಸ್ಟಿಂಗ್ಸ್ ಬಂಗಾಳದ ಜಿಲ್ಲೆಗಳಲ್ಲಿ ದಿವಾನಿ ಅದಾಲತ್, ಫೌಜದಾರಿ ಅದಾಲತ್ ಎಂದು ಎರಡು ಬಗೆಯ ನ್ಯಾಯಾಲಯಗಳನ್ನು ಮಾಡಿದ. ಈ ಎರಡು ಪದಗಳು ನಮಗೆ ಹೊಸವಲ್ಲ. ಕಲ್ಯಾಣ ಕರ್ನಾಟಕದ ಹಿರಿಯರು ಇವತ್ತಿಗೂ 'ದಿವಾನಿ ಕೇಸು', 'ಫೌಜದಾರಿ ಕೇಸು' ಅನ್ನುತ್ತಾರೆ. ಪದಗಳ ಬೇರನ್ನು ಗಮನಿಸಿ. ದಿವಾನನ ಕೆಲಸ ಕಂದಾಯ, ಫೌಜುದಾರನ ಕೆಲಸ ಸೈನ್ಯ. ಸಿವಿಲ್ ಕಾನೂನು ಖಜಾನೆಯ ಬಾಗಿಲಲ್ಲಿ ಹುಟ್ಟಿತು, ಕ್ರಿಮಿನಲ್ ಕಾನೂನು ಠಾಣ್ಯದ ಬಾಗಿಲಲ್ಲಿ. ಆಸ್ತಿಯಿದ್ದವನ ಜೊತೆ ಪ್ರಭುತ್ವ ಲೆಕ್ಕದ ಭಾಷೆಯಲ್ಲಿ ಮಾತಾಡಿತು, ಇಲ್ಲದವನ ಜೊತೆ ಕೋಲಿನ ಭಾಷೆಯಲ್ಲಿ.

ಇದು ಬರೀ ಪದಗಳ ಆಟ ಎನ್ನುವವರು 1859ರ 13ನೇ ಕಾಯಿದೆಯನ್ನು ಓದಬೇಕು. ಕಾರ್ಮಿಕರ ಕರಾರು ಭಂಗದ ಕಾಯಿದೆ ಎಂದು ಅದಕ್ಕೆ ಹೆಸರು. ಮುಂಗಡ ಹಣ ಪಡೆದ ಕುಶಲಕರ್ಮಿಯೋ ಕೂಲಿಯೋ ಕೆಲಸಕ್ಕೆ ಬರದಿದ್ದರೆ ಮಾಲೀಕ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದಿತ್ತು. ಹಣ ಹಿಂದಿರುಗಿಸು, ಇಲ್ಲವೇ ಕೆಲಸ ಮುಗಿಸು ಎಂದು ಮ್ಯಾಜಿಸ್ಟ್ರೇಟರು ಆಜ್ಞೆ ಮಾಡುತ್ತಿದ್ದರು. ಅದನ್ನು ಪಾಲಿಸದಿದ್ದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಕೂಲಿ ಕೊಡದ ಮಾಲೀಕನನ್ನು ಜೈಲಿಗೆ ಕಳಿಸುವ ಮಾತು ಆ ಕಾಯಿದೆಯಲ್ಲಿ ಇರಲಿಲ್ಲ.

ಮೇನ್ ಮಹಾಶಯ ಮಾನವ ಸಮಾಜಗಳು 'ಅಂತಸ್ತಿನಿಂದ ಕರಾರಿನ ಕಡೆಗೆ' ನಡೆಯುತ್ತವೆ ಎಂದು ಬರೆದದ್ದು ಇದಾದ ಎರಡು ವರ್ಷಕ್ಕೆ. ಮರುವರ್ಷವೇ ಅವನು ವೈಸರಾಯ್ ಮಂಡಳಿಯ ಕಾನೂನು ಸದಸ್ಯನಾಗಿ ಕಲ್ಕತ್ತಕ್ಕೆ ಬಂದ. ಅವನು ಬಂದು ಹೋದ ಮೇಲೂ ಆ ಕಾಯಿದೆ ಹಾಗೇ ಇತ್ತು. ಇಂಗ್ಲೆಂಡಿನಲ್ಲಿ ಕೆಲಸದ ಕರಾರು ಮುರಿದ ಆಳನ್ನು ಜೈಲಿಗೆ ಹಾಕುವ ಪದ್ಧತಿ 1875ರಲ್ಲಿ ಕೊನೆಗೊಂಡಿತು. ಇಲ್ಲಿ ಅದಕ್ಕೆ 1926ರವರೆಗೆ ಕಾಯಬೇಕಾಯಿತು. ಕೊಡಗಿನಲ್ಲಿ ಅಷ್ಟಕ್ಕೂ ಮುಗಿಯಲಿಲ್ಲ. ಅದೇ 1926ರಲ್ಲಿ ಕೊಡಗಿಗೆಂದೇ ಪ್ರತ್ಯೇಕ ಕಾರ್ಮಿಕ ಕಾಯಿದೆಯೊಂದು ಬಂದು, ಕಾಫಿ ತೋಟದ ಕೂಲಿಯ ಮೇಲಿನ ಶಿಕ್ಷೆಯ ಭಯವನ್ನು ಇನ್ನೂ ಕೆಲವು ವರ್ಷ ಉಳಿಸಿತು. ಮೇಸ್ತ್ರಿಯಿಂದ ಮುಂಗಡ ಪಡೆದು ಘಟ್ಟ ಹತ್ತಿ ಬಂದವನಿಗೆ ಕರಾರು ಎಂದರೆ ಸ್ವಾತಂತ್ರ್ಯವಾಗಿರಲಿಲ್ಲ, ಕಾಲಿಗೆ ಕಟ್ಟಿದ ಹಗ್ಗವಾಗಿತ್ತು.

ಇದೆಲ್ಲ ಹಳೆಯದು, ಈಗ ಸಂವಿಧಾನವಿದೆ ಎನ್ನಬಹುದು. ನಿಜ, ಸಂವಿಧಾನದ 23ನೇ ವಿಧಿ ಬಿಟ್ಟಿದುಡಿಮೆಯನ್ನು ನಿಷೇಧಿಸಿತು. 1976ರಲ್ಲಿ ಜೀತ ರದ್ದತಿ ಕಾಯಿದೆ ಬಂತು. 1982ರಲ್ಲಿ ಏಷ್ಯಾಡ್ ಕಾಮಗಾರಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದಿತು. ಇವು ಸಣ್ಣ ಗೆಲುವುಗಳಲ್ಲ. ಆದರೂ ಇವತ್ತಿನ ಮೂರು ಅಂಕಿಗಳನ್ನು ನೋಡಿ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವಿಗೆ ಮೂರು ವರ್ಷದವರೆಗೆ ಸಜೆ. ಕೊಟ್ಟ ಚೆಕ್ಕು ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೇ ಕಲಮಿನಡಿ ಎರಡು ವರ್ಷದವರೆಗೆ ಸಜೆ. 2025ರ ನವೆಂಬರಿನಲ್ಲಿ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ, ಕೊಡಬೇಕಾದ್ದಕ್ಕಿಂತ ಕಡಿಮೆ ಕೂಲಿ ಕೊಟ್ಟ ಮಾಲೀಕನಿಗೆ ಮೊದಲ ಸಲ 50,000 ರೂಪಾಯಿವರೆಗೆ ದಂಡ, ಅಷ್ಟೇ. ಜೈಲಿನ ಮಾತು ಬರುವುದು ಐದು ವರ್ಷದೊಳಗೆ ಅದೇ ತಪ್ಪು ಮಾಡಿ ಮತ್ತೆ ಸಿಕ್ಕಿಬಿದ್ದರೆ, ಅದೂ ಮೂರು ತಿಂಗಳವರೆಗೆ.

ಚೆಕ್ಕಿನ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಾಕಿ ಹಣ ಕೊಡದಿರುವುದು ಸಿವಿಲ್ ವಿಷಯ ಎಂಬುದು ಅಷ್ಟೊಂದು ಅಚಲವಾದ ತತ್ವವಾಗಿದ್ದರೆ ಚೆಕ್ ಬೌನ್ಸ್ ಕ್ರಿಮಿನಲ್ ಹೇಗಾಯಿತು? ಅದು ಕ್ರಿಮಿನಲ್ ಆದದ್ದು 1988ರ ತಿದ್ದುಪಡಿಯಿಂದ. ವ್ಯಾಪಾರಿಗಳಿಗೂ ಬ್ಯಾಂಕುಗಳಿಗೂ ಚೆಕ್ಕಿನ ಮೇಲೆ ನಂಬಿಕೆ ಬರಬೇಕಿತ್ತು, ಗೆರೆ ಸರಿದು ಜಾಗ ಬಿಟ್ಟಿತು. ಇದು ಅರೆ ಕ್ರಿಮಿನಲ್ ಸ್ವರೂಪದ ಪ್ರಕ್ರಿಯೆ ಎಂದು 2021ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಬಾಕಿ ವಸೂಲಿಗೆ ಜೈಲಿನ ಭಯ ಬೇಕು ಎಂದು ಹಣವಿದ್ದವರು ಕೇಳಿದಾಗ ಸಿಕ್ಕಿತು. ಗಾರೆ ಕೆಲಸದವನ ಬಾಕಿ ಚೆಕ್ಕಿನಲ್ಲಿ ಇರುವುದಿಲ್ಲ, ಮೇಸ್ತ್ರಿಯ ನೋಟ್‌ಬುಕ್ಕಿನಲ್ಲಿ ಇರುತ್ತದೆ.

2023ರ ಆಗಸ್ಟ್ ತಿಂಗಳನ್ನೂ ಒಮ್ಮೆ ನೆನಪಿಸಿಕೊಳ್ಳಿ. ವಸಾಹತುಶಾಹಿ ಗುರುತುಗಳನ್ನು ಅಳಿಸುತ್ತೇವೆ ಎಂದು ಹೇಳಿ ಮೂರು ಹೊಸ ಕ್ರಿಮಿನಲ್ ಮಸೂದೆಗಳನ್ನು ಲೋಕಸಭೆಯಲ್ಲಿ ಮಂಡಿಸಿದ್ದು ಆಗ. ಜನ ವಿಶ್ವಾಸ ಮಸೂದೆಗೆ ಸಂಸತ್ತು ಒಪ್ಪಿಗೆ ಕೊಟ್ಟು ಮುಗಿಸಿದ್ದೂ ಅದೇ ತಿಂಗಳು. 42 ಕಾಯಿದೆಗಳ 183 ಕಲಮುಗಳಲ್ಲಿದ್ದ ಶಿಕ್ಷೆಯನ್ನು ತೆಗೆದೋ ಸಡಿಲಿಸಿಯೋ, ವ್ಯವಹಾರ ಸುಲಭವಾಗಲಿ ಎಂದು ಮಾಡಿದ ಕಾನೂನು ಅದು. ಸಣ್ಣಪುಟ್ಟ ತಪ್ಪಿಗೆ ಜೈಲು ಬೇಡ ಎಂಬುದನ್ನು ನಾನೂ ಒಪ್ಪುತ್ತೇನೆ. ನ್ಯಾಯ ಸಂಹಿತೆಯಲ್ಲೂ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಸಲ ಕದ್ದು, ಅದನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದವನಿಗೆ ಸಮುದಾಯ ಸೇವೆಯ ಶಿಕ್ಷೆ ಇಟ್ಟಿದ್ದಾರೆ, ಅದು ಒಳ್ಳೆಯದೇ. ಆದರೆ ಅನುಪಾತ ನೋಡಿ. ಒಂದು ವರ್ಗಕ್ಕೆ ಹೋದ ವಿಶ್ವಾಸವನ್ನು 183 ಕಲಮುಗಳಲ್ಲಿ ಅಳೆಯಬಹುದು. ಇನ್ನೊಂದು ವರ್ಗಕ್ಕೆ ಸಿಕ್ಕಿದ್ದು ಒಂದು ಪರಂತುಕ. ಇಂಡಿಯನ್ ಪೀನಲ್ ಕೋಡಿನ 511 ಕಲಮುಗಳು 358 ಆದವು, ಹೆಸರು ಸಂಸ್ಕೃತವಾಯಿತು. 1860ರಲ್ಲಿ ಎಳೆದ ಗೆರೆ ಬಹುಪಾಲು ಇದ್ದಲ್ಲೇ ಇದೆ.

ನನ್ನ ಗೆಳೆಯರೊಬ್ಬರು, ವಕೀಲರು, ಈ ವಾದಕ್ಕೆ ಗಟ್ಟಿಯಾದ ಆಕ್ಷೇಪ ಎತ್ತುತ್ತಾರೆ. ಗೆರೆಯೇ ಬೇಡ ಎಂದರೆ ಹೆಚ್ಚು ಪೆಟ್ಟು ತಿನ್ನುವವನು ಬಡವನೇ. ಕ್ರಿಮಿನಲ್ ಕೇಸಿನಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು ಎಂಬ ನಿಯಮ, ಮೌನವಾಗಿರುವ ಹಕ್ಕು, ಇವೆಲ್ಲ ಉಳಿದಿರುವುದು ಗೆರೆ ಇರುವುದರಿಂದ. ಸಿವಿಲ್ ಬಾಕಿಗೆಲ್ಲ ಪೊಲೀಸರನ್ನು ಬಿಟ್ಟರೆ ಸ್ಟೇಷನ್ನು ವಸೂಲಿ ಕಚೇರಿಯಾಗುತ್ತದೆ ಎಂಬುದು ಅವರ ಮಾತು. ಸರಿಯಾದ ಮಾತು. ಸುಪ್ರೀಂ ಕೋರ್ಟೂ ಸಿವಿಲ್ ವ್ಯಾಜ್ಯಕ್ಕೆ ಕ್ರಿಮಿನಲ್ ಬಣ್ಣ ಬಳಿಯಬೇಡಿ ಎಂದು ಮತ್ತೆ ಮತ್ತೆ ಹೇಳಿದೆ.

ನಾನು ಗೆರೆ ಅಳಿಸಿ ಎನ್ನುತ್ತಿಲ್ಲ, ಎಲ್ಲ ಕಂಟ್ರಾಕ್ಟರುಗಳನ್ನೂ ಜೈಲಿಗೆ ಹಾಕಿ ಎಂದೂ ಅಲ್ಲ. ಗೆರೆಯನ್ನು ಮನುಷ್ಯರು ಎಳೆದರು, ಬೇಕಾದಾಗ ಸರಿಸಿದರು ಎಂಬುದನ್ನು ಪಾಠದಲ್ಲಿ ಹೇಳಿ ಎನ್ನುತ್ತಿದ್ದೇನೆ. ಅದನ್ನು ಇನ್ನೊಂದು ಕಡೆಗೂ ಸರಿಸಬಹುದು ಎಂಬುದಕ್ಕೆ ದೂರ ಹೋಗಬೇಕಿಲ್ಲ. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಮೈಕ್ರೋಫೈನಾನ್ಸ್ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸಜೆ ಇಟ್ಟಿತು. ಅದಕ್ಕೆ ಹಿಂದಿನ ದಿನದವರೆಗೂ ಬಾಗಿಲಲ್ಲಿ ಕೂತು ಸಾಲ ಕೇಳುವವರ ಮೇಲೆ ದೂರು ಕೊಡಲು ಹೋದ ಹೆಂಗಸರಿಗೆ ಸಿಗುತ್ತಿದ್ದದ್ದು ಅದೇ ಉತ್ತರ: ಸಿವಿಲ್ ಮ್ಯಾಟರ್. ಸಾವುಗಳು ಸುದ್ದಿಯಾದ ಮೇಲೆ, ಊರೂರಿನಲ್ಲಿ ಜನ ಬೀದಿಗೆ ಬಂದ ಮೇಲೆ ಗೆರೆ ಸರಿಯಿತು. ಆ ಸುಗ್ರೀವಾಜ್ಞೆ ಎಷ್ಟು ಕೆಲಸ ಮಾಡೀತು ಎಂಬುದು ಬೇರೆ ಚರ್ಚೆ. ಸರಿಸಲು ಸಾಧ್ಯ ಎಂಬುದಂತೂ ಸಾಬೀತಾಯಿತು.

ಹಾಗಾಗಿ ಕಾನೂನು ಓದುತ್ತಿರುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. 'ಸಿವಿಲ್ ಮತ್ತು ಕ್ರಿಮಿನಲ್ ಕಾನೂನಿನ ವ್ಯತ್ಯಾಸಗಳು' ಎಂಬ ಹತ್ತು ಅಂಕದ ಪ್ರಶ್ನೆ ಪರೀಕ್ಷೆಯಲ್ಲಿ ಬಂದೇ ಬರುತ್ತದೆ. ಎಡಗಡೆ ಪರಿಹಾರ, ಬಲಗಡೆ ಶಿಕ್ಷೆ. ಎಡಗಡೆ ವಾದಿ, ಬಲಗಡೆ ಸರ್ಕಾರ ಎಂದು ಕೋಷ್ಟಕ ಹಾಕಿ ಬರೆಯಿರಿ, ಅಂಕ ಬರಲಿ. ಬರೆದಾದ ಮೇಲೆ ಆ ಕೋಷ್ಟಕಕ್ಕೆ ಇನ್ನೊಂದು ಸಾಲು ಸೇರಿಸಿ: ಎಡಗಡೆ ಸಾಮಾನ್ಯವಾಗಿ ಯಾರು ನಿಂತಿರುತ್ತಾರೆ, ಬಲಗಡೆ ಯಾರು? ಕೌಟಿಲ್ಯನ ಆಳು, 1859ರ ಕೂಲಿ, ಕೊಡಗಿನ ತೋಟದ ಆಳು, ನಮ್ಮ ಮಾವ, ಎಲ್ಲರೂ ಒಂದೇ ಕಡೆ ಸಿಗುತ್ತಾರೆ.

ಮಾವನ ಎರಡು ತಿಂಗಳ ಕೂಲಿ ಇನ್ನೂ ಬಂದಿಲ್ಲ. ಅದು ಸಿವಿಲ್ ಮ್ಯಾಟರ್.