ಗದ್ದೆಗೆ ಡ್ರೋನ್: ಆಯ್ಕೆ ಯಾರದು, ಹೊಣೆ ಯಾರದು?

ಮಂಡ್ಯ, ಮದ್ದೂರು, ಮಳವಳ್ಳಿ ತಾಲೂಕುಗಳ ಕೃಷಿಕರಿಂದ ಇಂದು ಕೇಳಿಬರುವ ಸಾಮಾನ್ಯ ದೂರು ಆಳುಗಳ ಕೊರತೆಯದ್ದು. ವಿಶ್ವೇಶ್ವರಯ್ಯ ನಾಲೆಯ ನೀರುಂಡ ಈ ನೆಲದ ಭತ್ತಕ್ಕೂ ಕಬ್ಬಿಗೂ ದುಡಿಯುವ ಕೈಗಳು ಬೇಕು. ಆದರೆ ಹಳ್ಳಿಯ ಯುವಕರು ಬೆಂಗಳೂರಿನ ದಾರಿ ಹಿಡಿದಿದ್ದಾರೆ. ಹೆಣ್ಣುಮಕ್ಕಳು ಗಾರ್ಮೆಂಟ್ಸ್ ಕಾರ್ಖಾನೆಗಳ ಬಸ್ಸು ಏರುತ್ತಿದ್ದಾರೆ. ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಕುಟುಂಬಗಳು ಬರಬೇಕಾಗಿದೆ. ಇದಕ್ಕೆ ಪರಿಹಾರವೆಂದು ಈಗ ಡ್ರೋನನ್ನೂ ಕಟಾವು ಯಂತ್ರವನ್ನೂ ಮುಂದೆ ಬರಲಿರುವ ಕಳೆ ಕೀಳುವ ರೋಬೋಟನ್ನೂ ರೈತರಿಗೆ ತೋರಿಸಲಾಗುತ್ತಿದೆ.

ನಾವು ಯಂತ್ರದ ವಿರೋಧಿಗಳಲ್ಲ. ಮದೀನಾದ ರೈತರು ಖರ್ಜೂರದ ಮರಗಳಿಗೆ ಪರಾಗಸ್ಪರ್ಶ ಮಾಡಿಸುವ ವಿಷಯದಲ್ಲಿ ಪ್ರವಾದಿವರ್ಯರು(ಸ) ಲೌಕಿಕ ಕಸುಬಿನ ಜ್ಞಾನವನ್ನು ಆ ಕಸುಬಿನವರಿಗೇ ಬಿಟ್ಟುಕೊಟ್ಟ ಘಟನೆ ಪ್ರಸಿದ್ಧವಾಗಿದೆ. ಬೇಸಾಯದ ವಿಧಾನವನ್ನು ಅನುಭವ ಮತ್ತು ವಿಜ್ಞಾನ ನಿರ್ಧರಿಸಲಿ. ಆದರೆ ಆ ವಿಧಾನದಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದು ನ್ಯಾಯದ ಪ್ರಶ್ನೆ. ಅದನ್ನು ಯಂತ್ರ ಮಾರುವವರಿಗೆ ಬಿಟ್ಟುಕೊಡಲಾಗದು.

ಡ್ರೋನಿನ ಪರವಾಗಿ ಹೇಳಬೇಕಾದ ಬಲವಾದ ಮಾತೊಂದಿದೆ. ಬೆನ್ನಿಗೆ ಪಂಪು ಕಟ್ಟಿಕೊಂಡು, ಮೂಗಿಗೆ ಬಟ್ಟೆಯೂ ಇಲ್ಲದೆ ಔಷಧಿ ಹೊಡೆಯುವ ಕೂಲಿಯವನು ದಿನವಿಡೀ ವಿಷ ಉಸಿರಾಡುತ್ತಾನೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಕೀಟನಾಶಕ ಸಿಂಪಡಿಸುವಾಗ ವಿಷವೇರಿ ಇಪ್ಪತ್ತಕ್ಕೂ ಹೆಚ್ಚು ಮಂದಿ ರೈತರು ಮತ್ತು ಕೂಲಿಕಾರರು ಪ್ರಾಣ ಕಳೆದುಕೊಂಡರು. ಮನುಷ್ಯನ ದೇಹವನ್ನು ಸವೆಸುವ ಇಂತಹ ಕೆಲಸವನ್ನು ಯಂತ್ರ ವಹಿಸಿಕೊಳ್ಳುವುದಾದರೆ ಅದನ್ನು ಸ್ವಾಗತಿಸಬೇಕು.

ಹಾಗೆಂದು ಡ್ರೋನಿನಿಂದ ಎಲ್ಲವೂ ಸರಿಹೋಗುತ್ತದೆಂಬ ಪ್ರಚಾರವನ್ನು ನಾವು ನಂಬಲಾರೆವು. ಕೈಪಂಪಿನವರು ನೂರಾರು ಲೀಟರ್ ನೀರಿಗೆ ಬೆರೆಸುವ ಔಷಧಿಯನ್ನು ಡ್ರೋನಿನಲ್ಲಿ ಎಕರೆಗೆ ಸುಮಾರು 10 ಲೀಟರ್ ನೀರಿಗೆ ಬೆರೆಸಲಾಗುತ್ತದೆ. ಹನಿ ಸಣ್ಣದು, ವಿಷ ಗಾಢ; ಗಾಳಿ ಬೀಸಿದರೆ ಅದು ಬದು ದಾಟುತ್ತದೆ. ಮದ್ದೂರು, ಮಳವಳ್ಳಿಗಳಲ್ಲಿ ಕಬ್ಬು ಮತ್ತು ಭತ್ತದ ಪಕ್ಕದಲ್ಲೇ ಹಿಪ್ಪುನೇರಳೆ ತೋಟಗಳಿವೆ. ಕೀಟನಾಶಕದ ಲೇಶ ತಗಲಿದ ಸೊಪ್ಪು ತಿಂದರೂ ರೇಷ್ಮೆ ಹುಳು ಸಾಯುತ್ತದೆ. ಒಬ್ಬನ ಗದ್ದೆ ಹತ್ತು ನಿಮಿಷದಲ್ಲಿ ಮುಗಿದರೆ, ನೆರೆಯವನ ಒಂದು ಬೆಳೆಯ ಹುಳು ಒಂದೇ ದಿನದಲ್ಲಿ ನಾಶವಾಗಬಹುದು. ಅದರೊಂದಿಗೆ, ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಕೊಂಡು ನೂಲು ಬಿಚ್ಚುವ ರೀಲರುಗಳ ದುಡಿಮೆಗೂ ಪೆಟ್ಟು ಬೀಳುತ್ತದೆ. ಅವರಲ್ಲಿ ನಮ್ಮ ಸಮುದಾಯದವರು ಬಹುಸಂಖ್ಯೆಯಲ್ಲಿದ್ದಾರೆ. ಸ್ವತಃ ಹಾನಿಗೊಳಗಾಗಬಾರದು, ಇತರರಿಗೆ ಹಾನಿ ಮಾಡಲೂಬಾರದು ಎಂಬ ಪ್ರವಾದಿ ತತ್ವ ಇಲ್ಲಿಗೂ ಅನ್ವಯಿಸುವುದಿಲ್ಲವೇ?

ಇನ್ನು ಒಡೆತನದ ಪ್ರಶ್ನೆ. 2015-16ರ ಕೃಷಿ ಗಣತಿಯಂತೆ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್ ಮಾತ್ರ. ಗುಂಟೆಗಳ ಲೆಕ್ಕದಲ್ಲಿ ಬದುಕುವ ರೈತ ಲಕ್ಷಾಂತರ ರೂಪಾಯಿಯ ಡ್ರೋನ್ ಕೊಂಡರೆ ಸಾಲದ ಹೊಸ ಕುಣಿಕೆಗೆ ಕುತ್ತಿಗೆ ಒಡ್ಡಿದಂತೆಯೇ ಸರಿ. 2023ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ 'ನಮೋ ಡ್ರೋನ್ ದೀದಿ' ಯೋಜನೆಯು 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಬೆಲೆಯ ಶೇ. 80ರಷ್ಟನ್ನು, ಗರಿಷ್ಠ 8 ಲಕ್ಷ ರೂಪಾಯಿವರೆಗೆ, ನೆರವಾಗಿ ನೀಡುವುದಾಗಿ ಹೇಳಿತು. ಉಳಿದ ಹಣಕ್ಕೆ ತೋರಿಸಿದ್ದು ಬಡ್ಡಿಯ ಸಾಲವನ್ನೇ. ಬಾಡಿಗೆಗೆ ಕರೆಯುವವರು ಸಾಕಷ್ಟು ಸಿಗದಿದ್ದರೆ ಕಂತು ಕಟ್ಟುವವರು ಯಾರು? ಹಳ್ಳಿಗೊಂದು ಡ್ರೋನ್ ಸಹಕಾರ ಸಂಘದ ಸೊತ್ತಾಗಿರಲಿ; ಕರ್ನಾಟಕದಲ್ಲಿ 2014ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳ ಮಾದರಿ ನಮ್ಮ ಮುಂದೆಯೇ ಇದೆ. ಅದರ ದರವನ್ನೂ, ಸಿಂಪಡಣೆಯ ಹೊತ್ತು ಮತ್ತು ಮುನ್ಸೂಚನೆಯನ್ನೂ, ಹಾನಿಯಾದರೆ ಪರಿಹಾರವನ್ನೂ ಗ್ರಾಮಸಭೆ ನಿರ್ಧರಿಸಲಿ. ಪರಸ್ಪರ ಸಮಾಲೋಚನೆಯಿಂದ ಕಾರ್ಯ ನಡೆಸುವುದು ಸತ್ಯವಿಶ್ವಾಸಿಗಳ ಗುಣವೆಂದು ಪವಿತ್ರ ಕುರ್‌ಆನ್ ಕಲಿಸುತ್ತದೆ.

ಆ ಸಭೆಯಲ್ಲಿ ಭೂಮಿಯಿಲ್ಲದ ಕೂಲಿಕಾರನಿಗೂ ಸ್ಥಾನವಿರಬೇಕು. ಡ್ರೋನ್ ಕೊಳ್ಳುವವರಿಗೆ ಸಹಾಯಧನವಿದೆ. ಡ್ರೋನಿನಿಂದ ದಿನಗೂಲಿ ಕಳೆದುಕೊಳ್ಳುವವನಿಗೆ ಏನಿದೆ? ಕೂಲಿಕಾರನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಬೋಧಿಸುವ ಧರ್ಮ, ಅವನು ಬೆವರು ಸುರಿಸುವ ಅವಕಾಶವೇ ಇಲ್ಲವಾಗುವುದನ್ನು ನೋಡಿ ಸುಮ್ಮನಿರಲಾರದು. 2021ರ ಡ್ರೋನ್ ನಿಯಮಗಳ ಪ್ರಕಾರ ಇಂತಹ ಡ್ರೋನ್ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಕು. ಆ ತರಬೇತಿಯ ಮೊದಲ ಹಕ್ಕು ಇದುವರೆಗೆ ಔಷಧಿ ಹೊಡೆದವನ ಮನೆಯ ಮಕ್ಕಳಿಗೆ ದೊರೆಯಲಿ. ಸರಕಾರ ಮುಂದೆ ಬರುವವರೆಗೆ ನಮ್ಮ ಜಮಾಅತ್‌ಗಳು, ಬೈತುಲ್‌ಮಾಲ್‌ಗಳು ಜಾತಿ-ಮತ ನೋಡದೆ ಬಡ್ಡಿರಹಿತ ನೆರವಿನಿಂದ ಕೆಲವು ಯುವಕರನ್ನಾದರೂ ಕಲಿಯಲು ಕಳುಹಿಸಬಹುದು. ಮದುವೆಯ ಆಡಂಬರಕ್ಕೆ ಸುರಿಯುವ ಹಣದ ಒಂದಂಶ ಇದಕ್ಕೆ ಸಾಕು.

ಕೊನೆಯದಾಗಿ, ಆಡಳಿತಗಾರರಿಗೆ ಒಂದು ಮಾತು. 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರು ಒಬ್ಬರ ಹಿಂದೊಬ್ಬರು ಆತ್ಮಹತ್ಯೆ ಮಾಡಿಕೊಂಡಾಗ ಅವರಿಗೆ ಕೊರತೆಯಾಗಿದ್ದುದು ಡ್ರೋನ್ ಅಲ್ಲ. ಬೆಲೆ ಬಿದ್ದಿತ್ತು, ಕಾರ್ಖಾನೆಗಳ ಬಾಕಿ ಬಂದಿರಲಿಲ್ಲ, ಸಾಲಗಾರ ಬಾಗಿಲಲ್ಲಿದ್ದ. 1933ರಲ್ಲಿ ಸ್ಥಾಪನೆಯಾದ ಮೈಷುಗರ್ ಕಾರ್ಖಾನೆ ಮಧ್ಯೆ ಕೆಲವು ವರ್ಷ ಬಾಗಿಲು ಮುಚ್ಚಿ, 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿದ್ದು ರೈತರ ದೀರ್ಘ ಹೋರಾಟದ ನಂತರ. ನ್ಯಾಯವಾದ ಬೆಲೆ ಮತ್ತು ಸಕಾಲದ ಪಾವತಿಯ ಹೊಣೆಯಿಂದ ನುಣುಚಿಕೊಳ್ಳಲು ಡ್ರೋನಿನ ಪ್ರದರ್ಶನ ಒಂದು ನೆಪವಾಗದಿರಲಿ. ರೈತನೂ ಕೂಲಿಕಾರನೂ ನೆರೆಯವನೂ ಒಟ್ಟಿಗೆ ಕುಳಿತು ಒಪ್ಪಿದ ಯಂತ್ರವನ್ನು ನಾವು ತುಂಬುಹೃದಯದಿಂದ ಬರಮಾಡಿಕೊಳ್ಳುತ್ತೇವೆ.