ನಡುವಯಸ್ಸಿನಲ್ಲೊಂದು ಸಂಶಯ

ಮದುವೆಮನೆಯ ಗದ್ದಲ ತಾಳಲಾರದೆ ಹಿತ್ತಲಿಗೆ ಸರಿಯುವವರು, ಮಾತಿನೊಳಗಣ ಕುಹಕ ತಿಳಿಯದೆ ಪೇಚಿಗೆ ಸಿಲುಕುವವರು, ದಿನಚರಿ ತುಸು ತಪ್ಪಿದರೂ ಕಳವಳಗೊಳ್ಳುವವರು ನಮ್ಮ ಮನೆಗಳಲ್ಲಿ ಉಂಟು. ಅಂಥವರಲ್ಲಿ ಕೆಲವರು ನಲವತ್ತು ದಾಟಿದ ಮೇಲೆ, ‘ನನಗೂ ಸೌಮ್ಯ ರೂಪದ ಆಟಿಸಂ ಇದೆಯೇ? ಇದ್ದರೆ ಬಾಲ್ಯದಲ್ಲೇ ಏಕೆ ಕಾಣಲಿಲ್ಲ?’ ಎಂದು ಚಿಂತಿಸುತ್ತಾರೆ.

ಆಟಿಸಂ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ನಡುವಯಸ್ಸಿನಲ್ಲಿ ಹೊಸದಾಗಿ ಬರುವಂಥದಲ್ಲ. 1943ರಲ್ಲಿ ಲಿಯೋ ಕ್ಯಾನರ್ 11 ಮಕ್ಕಳನ್ನು ಕುರಿತು ಬರೆದ ಮೇಲೆ, ಬಹುಕಾಲ ಎದ್ದು ಕಾಣುವ ಲಕ್ಷಣಗಳಿಗೇ ವೈದ್ಯರು ಗಮನವಿತ್ತರು. ಲಕ್ಷಣಗಳು ಎಳವೆಯಿಂದಲೇ ಇದ್ದರೂ, ಬದುಕಿನ ಬೇಡಿಕೆಗಳು ಶಕ್ತಿಯನ್ನು ಮೀರುವವರೆಗೆ ಪೂರ್ಣವಾಗಿ ತೋರದಿರಬಹುದು, ಕಲಿತ ನಡವಳಿಕೆಯ ಹಿಂದೆ ಮರೆಯಾಗಿಯೂ ಇರಬಹುದು ಎಂದು ಅಮೆರಿಕದ ಮನೋವೈದ್ಯ ಸಂಘದ 2013ರ ಕೈಪಿಡಿ ಹೇಳುತ್ತದೆ. ಓದಿನಲ್ಲಿ ಮುಂದಿದ್ದ ಮೌನಿ ಮಗುವನ್ನು ನಾವು ‘ಸಾಧು’ ಎಂದು ಹೊಗಳಿ ಸುಮ್ಮನಾದೆವು. ಬೆಳೆದ ಮೇಲೆ ಅದನ್ನೇ ‘ಗರ್ವಿ’ ಎಂದೆವು.

ಹಾಗೆಂದು ಏಕಾಂತಪ್ರಿಯರೆಲ್ಲರಿಗೂ ಆಟಿಸಂ ಇದೆಯೆಂದಲ್ಲ. ಜನರ ಮುಂದಿನ ಅಂಜಿಕೆ, ಖಿನ್ನತೆ, ಗಮನ ಕೊರತೆಗಳೂ ಹೀಗೆಯೇ ತೋರಬಹುದು. ಪ್ರಶ್ನಾವಳಿಗೆ ಉತ್ತರಿಸಿ ಬಂದ ಅಂಕ ಸುಳಿವಷ್ಟೇ, ನಿರ್ಣಯವಲ್ಲ. ಮನೋವೈದ್ಯರು ಅಥವಾ ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಬಾಲ್ಯದ ವಿವರ ಕೇಳುತ್ತಾರೆ. ಆಗ ಬೇಕಾಗುವುದು ತಾಯಿಯ, ಸೋದರತ್ತೆಯ, ಸಹಪಾಠಿಗಳ ನೆನಪು: ಆಟದಲ್ಲಿ ಯಾರೊಡನೆ ಸೇರುತ್ತಿದ್ದನು? ಯಾವ ಸದ್ದಿಗೆ ಕಿವಿ ಮುಚ್ಚುತ್ತಿದ್ದನು?

ಆದ್ದರಿಂದ ಹಿರಿಯರಲ್ಲಿ ನಮ್ಮ ವಿನಂತಿ: ಮಗನೋ ಸೊಸೆಯೋ ಇದನ್ನು ಕೇಳಿದರೆ ‘ಈ ವಯಸ್ಸಿನಲ್ಲಿ ಇದೇಕೆ?’ ಎನ್ನದಿರಿ. ನೆನಪಿರುವುದನ್ನು ಇದ್ದಂತೆ ಹೇಳಿರಿ. ನಿರ್ಣಯ ಯಾವುದೇ ಆಗಲಿ, ಬಹುಕಾಲ ತಮ್ಮನ್ನೇ ಹಳಿದುಕೊಂಡ ಜೀವಕ್ಕೆ ಅದರಿಂದ ಸಮಾಧಾನ ದೊರೆತೀತು.