ದುಡಿದವರಿಗೂ ನಾಡಿನ ಮೇಲೆ ಹಕ್ಕಿದೆ

ಛತ್ತೀಸಗಢ ರಾಜ್ಯ ಹುಟ್ಟಿದ್ದು 2000ದ ನವೆಂಬರ್ 1ರಂದು. ಆ ನಾಡು ಯಾರದು ಎಂಬ ಪ್ರಶ್ನೆಯನ್ನು ಅದಕ್ಕೆ ಎರಡು ದಶಕ ಮೊದಲೇ ಎತ್ತಿದವರು ದಲ್ಲಿ ರಾಜಹರಾ ಕಬ್ಬಿಣದ ಗಣಿಗಳ ಗುತ್ತಿಗೆ ಕಾರ್ಮಿಕರು. ರಾಜ್ಯವೇನೋ ಬಂತು, ಅವರ ಉತ್ತರವನ್ನು ಮಾತ್ರ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಭಿಲಾಯಿ ಉಕ್ಕು ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಈ ಗಣಿಗಳಿಂದ. ಕಾಯಂ ನೌಕರರಿಗೆ ಕಾರ್ಖಾನೆಯ ಸವಲತ್ತುಗಳಿದ್ದವು; ಕೈಯಿಂದ ಅದಿರು ಒಡೆದು ಲಾರಿ ತುಂಬುತ್ತಿದ್ದ ಗಂಡಾಳು, ಹೆಣ್ಣಾಳುಗಳಿಗೆ ಗುತ್ತಿಗೆದಾರ ಕೊಟ್ಟಿದ್ದೇ ಕೂಲಿ. 1977ರಲ್ಲಿ ಇವರು ಹಳೆಯ ಸಂಘಗಳನ್ನು ತೊರೆದು ಛತ್ತೀಸಗಢ ಮೈನ್ಸ್ ಶ್ರಮಿಕ ಸಂಘ ಕಟ್ಟಿದರು. ಶಂಕರ್ ಗುಹಾ ನಿಯೋಗಿ ಅದರ ನಾಯಕರಾದರು. ಅದೇ ವರ್ಷದ ಜೂನ್‌ನಲ್ಲಿ ಪೊಲೀಸರ ಗುಂಡಿಗೆ 11 ಮಂದಿ ಬಲಿಯಾದರು.

ಪ್ರಾದೇಶಿಕ ಅಭಿಮಾನ ಕಾರ್ಮಿಕರನ್ನು ಒಡೆಯುತ್ತದೆ ಎಂಬುದು ಎಡಪಂಥೀಯರ ಹಳೆಯ ಗುಮಾನಿ. ವರ್ಗದ ಮಾತು ನಾಡನ್ನು ಒಡೆಯುತ್ತದೆ ಎಂಬುದು ಪ್ರಾದೇಶಿಕವಾದಿಗಳ ಭಯ. ನಿಯೋಗಿ ಎರಡನ್ನೂ ಒಪ್ಪಲಿಲ್ಲ. ಕಾರ್ಮಿಕರ ಕೆಂಪು, ರೈತರ ಹಸಿರು ಒಂದೇ ಬಾವುಟದಲ್ಲಿ ಸೇರಿದವು. ಬರಗಾಲದಲ್ಲಿ ವ್ಯಾಪಾರಿಯ ಕಣಜ ತೆರೆದು ಜನರಿಗೆ ಧಾನ್ಯ ಹಂಚಿದ, 1857ರಲ್ಲಿ ಬ್ರಿಟಿಷರು ಕೊಂದ ವೀರ ನಾರಾಯಣ ಸಿಂಗ್ ಸಂಘದ ನಾಯಕರ ಸಾಲಿಗೆ ಬಂದ. ಬಂಗಾಳಿ ಮೂಲದ ನಿಯೋಗಿಯ ದೃಷ್ಟಿಯಲ್ಲಿ, ಈ ನೆಲದಲ್ಲಿ ಬೆವರು ಸುರಿಸಿ ಇದರ ಬಿಡುಗಡೆಗೆ ದನಿಗೂಡಿಸುವವರೆಲ್ಲ ಛತ್ತೀಸಗಢದವರೇ.

ಈ ವಾದಕ್ಕೆ ಒಂದು ತೊಡಕಿದೆ. ದುಡಿಮೆಯೇ ಗುರುತಾದರೆ, ಕೆಲಸ ಹೋದ ಮೇಲೆ ಉಳಿಯುವುದೇನು? ಯಂತ್ರಗಳು ಬರುವ ಹೊತ್ತಿಗೆ ಸಂಘಕ್ಕೂ ಇದು ಎದುರಾಯಿತು. ಅದಕ್ಕೇ ಹೋರಾಟದ ಜೊತೆಗೆ ನಿರ್ಮಾಣವೂ ಬೇಕೆಂದು ನಿಯೋಗಿ ಪಟ್ಟು ಹಿಡಿದರು. ಮದ್ಯವಿರೋಧಿ ಚಳವಳಿ ನಡೆಯಿತು. 1983ರಲ್ಲಿ ಕಾರ್ಮಿಕರದೇ ಹಣ, ಶ್ರಮದಿಂದ ಶಹೀದ್ ಆಸ್ಪತ್ರೆ ಎದ್ದಿತು. 1991ರ ಸೆಪ್ಟೆಂಬರ್ 28ರಂದು ಭಿಲಾಯಿಯಲ್ಲಿ ನಿಯೋಗಿಯ ಹತ್ಯೆಯಾಯಿತು. ಆಸ್ಪತ್ರೆ ನಿಲ್ಲಲಿಲ್ಲ.

ನಮ್ಮ ಕೋಲಾರದ ಚಿನ್ನದ ಗಣಿ ಕೆಜಿಎಫ್‌ನಲ್ಲಿ ನಡೆದದ್ದು ಬೇರೆ. ಅಲ್ಲಿಯೂ ಹೋರಾಟಕ್ಕೆ ಕೊರತೆಯಿರಲಿಲ್ಲ. 1946ರಲ್ಲಿ ಪೊಲೀಸರ ಗುಂಡಿಗೆ ಎದೆಯೊಡ್ಡಿದವರಿದ್ದಾರೆ. ಆದರೆ ಮನೆ, ಆಸ್ಪತ್ರೆ ಕಂಪನಿಯವು. 2001ರ ಫೆಬ್ರುವರಿಯಲ್ಲಿ ಗಣಿಗೆ ಬೀಗ ಬಿದ್ದಾಗ ಆಸ್ಪತ್ರೆಯ ಆಸರೆಯೂ ತಪ್ಪಿತು. ತಲೆಮಾರುಗಳಿಂದ ಪಾತಾಳಕ್ಕಿಳಿದು ಚಿನ್ನ ತೆಗೆದವರಲ್ಲಿ ಬಹುಪಾಲು ತಮಿಳು ಮಾತಾಡುವ ದಲಿತರು. ಭಾಷಾವಾರು ರಾಜ್ಯ ಅವರ ನುಡಿಯನ್ನು ಗುರುತಿಸಿತು, ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಈಗಲೂ ಅದೇ ಲೆಕ್ಕ. 2024ರಲ್ಲಿ ಖಾಸಗಿ ಉದ್ಯೋಗ ಮೀಸಲಾತಿಗೆಂದು ಸಿದ್ಧವಾಗಿ, ತಡೆಹಿಡಿಯಲಾದ ಕರ್ನಾಟಕದ ಮಸೂದೆ 'ಸ್ಥಳೀಯ'ರನ್ನು ಅಳೆದದ್ದು ಹುಟ್ಟು, 15 ವರ್ಷದ ವಾಸ ಮತ್ತು ಕನ್ನಡ ಜ್ಞಾನದಿಂದ. ಇಲ್ಲಿ ದುಡಿಯುವವರು ಕನ್ನಡ ಕಲಿಯಲಿ ಎಂದು ಬಯಸುವುದು ನ್ಯಾಯವೇ. ಹುಟ್ಟನ್ನು ಷರತ್ತಾಗಿಸುವುದು ಮಾತ್ರ ಬೇರೆ ಮಾತು: ಯಾರೂ ಅದನ್ನು ದುಡಿದು ಗಳಿಸಲಾರರು. ಮಸೂದೆ ಮತ್ತೆ ಚರ್ಚೆಗೆ ಬಂದರೆ, ದುಡಿಮೆಗೂ ಅದರಲ್ಲೊಂದು ಕಲಮು ಇರಬೇಕು.